ಒಂಬತ್ತನೇ ನಂಬರು

ನನಗೆ ಮೂಗಿನ ತುದಿಯಲ್ಲೇ ಕೋಪ. ಹೊಳಲ್ಕೆರೆಯಲ್ಲಿ ನಾನು ಲಂಗ ಹಾಕಿಕೊಂಡು ಓಡಾಡುವ ಕಾಲದಿಂದಲೂ ಅಮ್ಮ ಇದನ್ನು ಹೇಳಿ ಹೇಳಿ ಸಾಕಾಗಿದ್ದಳು. ಟೀಚರ್ ಆದ ಮೇಲೆ ಅದೇ ಕೋಪಕ್ಕೆ ಶಿಸ್ತು ಅಂತ ಒಳ್ಳೇ ಹೆಸರು ಬಂತು. ಶಾಲಿನಿ ಮಿಸ್ ಕ್ಲಾಸಿಗೆ ಬಂದರೆ ಗೋಡೆ ಮೇಲಿನ ಹಲ್ಲಿಯೂ ಲೊಚಗುಟ್ಟಲ್ಲ ಅಂತ ಮಕ್ಕಳು ಆಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿತ್ತು. ಆಗ ಖುಷಿಪಟ್ಟಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ನಾನಿರುವುದು ಹಿರಿಯೂರಿನಲ್ಲಿ. ಶಾಲೆ ಇರುವುದು ಯಲ್ಲದಕೆರೆ ದಾಟಿ ಇನ್ನೂ ಒಳಗೆ, ಒಂದು ಹಟ್ಟಿಯಲ್ಲಿ. ಹಟ್ಟಿಯ ಹೆಸರು ಬರೆಯುವುದಿಲ್ಲ; ತಪ್ಪು ನನ್ನದು, ಊರಿನದಲ್ಲ. ಹನ್ನೊಂದು ವರ್ಷದಿಂದ ಏಳೂಮುಕ್ಕಾಲಿನ ಬಸ್ಸು ಹತ್ತುತ್ತಿದ್ದೇನೆ. ಬ್ಯಾಗಿನಲ್ಲಿ ಊಟದ ಡಬ್ಬಿ, ಛತ್ರಿ, ಮನೆಯ ಫಿಲ್ಟರಿನಿಂದ ಹಿಡಿದ ಎರಡು ಲೀಟರಿನ ನೀರಿನ ಬಾಟಲಿ. ಶಾಲೆಗೆ ಸೇರಿದ ಮೊದಲ ವಾರವೇ ನಮ್ಮ ಹೆಡ್ಮಾಸ್ಟರು ಶಿವಕುಮಾರಪ್ಪನವರು, "ಮೇಡಂ, ಇಲ್ಲಿನ ನೀರು ನಮಗೆ ಆಗಿಬರಲ್ಲ, ಮನೆಯಿಂದ ತರ್ರಿ," ಅಂದಿದ್ದರು. ಅವರೂ ಹೊಸದುರ್ಗದಿಂದ ಬರುವವರು, ಅವರೂ ತರುತ್ತಿದ್ದರು. ಎಲ್ಲ ಟೀಚರುಗಳೂ ತರುತ್ತಿದ್ದರು. ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದ ನಾನಂತೂ ಕೇಳಲೇ ಇಲ್ಲ.

ಆವರ್ತ ಕೋಷ್ಟಕ ಅಂದರೆ ಹಳ್ಳಿ ಮಕ್ಕಳಿಗಿರಲಿ, ಪೇಟೆ ಮಕ್ಕಳಿಗೂ ಜ್ವರ ಬರುತ್ತದೆ. ಅದಕ್ಕೆ ನಾನೊಂದು ಉಪಾಯ ಮಾಡಿಕೊಂಡಿದ್ದೆ. ಮಕ್ಕಳು ಎಂಟನೇ ಕ್ಲಾಸಿಗೆ ಸೇರಿದ ದಿನವೇ ಚೀಟಿ ಎತ್ತಿಸುತ್ತೇನೆ. ಯಾರಿಗೆ ಯಾವ ನಂಬರು ಬಂತೋ ಅದೇ ಅವರ ಧಾತು. ಹತ್ತನೇ ಕ್ಲಾಸು ಮುಗಿಯುವವರೆಗೆ ಮೂರು ವರ್ಷ ಅದೇ. ಹಾಜರಿ ಕೂಗುವಾಗ ನಾನು ಒಂದು ಅಂದರೆ 'ಹೈಡ್ರೋಜನ್ ಮಿಸ್' ಅನ್ನಬೇಕು, ಎರಡು ಅಂದರೆ 'ಹೀಲಿಯಂ ಮಿಸ್'. ಯೆಸ್ ಮಿಸ್ ಅಂದವರಿಗೆ ಆಬ್ಸೆಂಟು. ಒಂದೇ ತಿಂಗಳಲ್ಲಿ ಇಡೀ ಕ್ಲಾಸಿಗೆ ಸಾಲು ಬಾಯಿಪಾಠ ಆಗಿಬಿಡುತ್ತಿತ್ತು. ಕಾರಿಡಾರಿನಲ್ಲಿ ಹೋಗುವ ಶಿವಕುಮಾರಪ್ಪನವರು, "ಏನ್ರಿ ಮೇಡಂ, ನಿಮ್ಮ ಹಾಜರಿ ಕೇಳಿದ್ರೆ ಗೊಬ್ಬರದಂಗಡಿ ಮುಂದೆ ನಿಂತಂಗಾಗ್ತೈತೆ," ಅಂತ ನಗುತ್ತಿದ್ದರು. ಈ ಉಪಾಯದ ಬಗ್ಗೆ ಚಿತ್ರದುರ್ಗದ ತರಬೇತಿಯಲ್ಲಿ ಎದ್ದುನಿಂತು ಹೇಳಿ ಚಪ್ಪಾಳೆಯನ್ನೂ ತಗೊಂಡು ಬಂದಿದ್ದೆ.

ಈ ಸಲದ ಹತ್ತನೇ ಕ್ಲಾಸಿನಲ್ಲಿ ಇಪ್ಪತ್ತಾರು ಮಕ್ಕಳು. ಕೊನೆಯ ನಂಬರು ಇಪ್ಪತ್ತಾರು, ಕಬ್ಬಿಣ. ಅದು ಚಂದ್ರು ಅನ್ನುವ ಹುಡುಗನದು. ಒಂಬತ್ತನೇ ನಂಬರು ಫ್ಲೋರಿನ್, ಅದು ಯಶೋಧಾಳದು. ತೆಳ್ಳಗಿನ ಹುಡುಗಿ, ಎರಡು ಜಡೆ. ಓದಿನಲ್ಲಿ ಮುಂದಿದ್ದರೂ ಬಾಯಿ ಬಿಡುವುದರಲ್ಲಿ ಹಿಂದೆ. ಉತ್ತರ ಹೇಳುವಾಗಲೂ ತುಟಿ ತೆರೆಯದ ಹಾಗೆ ಗೊಣಗುತ್ತಿದ್ದಳು. ಸೊಕ್ಕು ಅಂದುಕೊಂಡಿದ್ದೆ.

ನನ್ನ ಇನ್ನೊಂದು ಶಿಸ್ತು ಸೋಮವಾರದ್ದು. ಪ್ರಾರ್ಥನೆ ಮುಗಿದ ಮೇಲೆ ಉಗುರು, ತಲೆ, ಹಲ್ಲಿನ ತಪಾಸಣೆ. ಹಲ್ಲು ಹಳದಿ ಕಂದು ಇದ್ದವರು ಬೇವಿನ ಮರದ ಕೆಳಗೆ ಬೇರೆ ಸಾಲು ನಿಲ್ಲಬೇಕು. ಅಲ್ಲೊಂದು ಡಬ್ಬಿಯಲ್ಲಿ ಬಿಸಿಯೂಟದ ಒಲೆಯ ಬೂದಿ ಇಡಿಸಿದ್ದೆ. ಎಲ್ಲರ ಕಣ್ಣೆದುರಿಗೇ ನಲ್ಲಿಯ ಹತ್ತಿರ ತಿಕ್ಕಿ ಬರಬೇಕು. ವಾರವಾರವೂ ಎಂಟು ಹತ್ತು ಮಕ್ಕಳು. ವಾರವಾರವೂ ಬಹುಪಾಲು ಅದೇ ಮಕ್ಕಳು. ಹನ್ನೊಂದು ವರ್ಷ ತಿಕ್ಕಿದರೂ ಹೋಗದ ಕೊಳೆ ಎಂಥದ್ದು ಅಂತ ನನ್ನ ತಲೆಗೆ ಹೊಳೆಯಲಿಲ್ಲ. ಸೋಮಾರಿ ಜನ, ಹಲ್ಲುಜ್ಜಲ್ಲ, ಅಷ್ಟೇ ಅಂತ ತೀರ್ಮಾನ ಮಾಡಿಬಿಟ್ಟಿದ್ದೆ.

ಯಶೋಧಾ ಆ ಸಾಲಿನ ಕಾಯಂ ಗಿರಾಕಿ. ಅವಳಕ್ಕ ಪ್ರೀತಿ ನನ್ನ ಮೊದಲ ವರ್ಷದ ವಿದ್ಯಾರ್ಥಿನಿ. ಅವಳೂ ಅದೇ ಸಾಲಿನಲ್ಲಿ ನಿಂತವಳು. ಒಂಬತ್ತನೇ ಕ್ಲಾಸಿನ ಮಧ್ಯದಲ್ಲೇ ಶಾಲೆ ಬಿಟ್ಟಳು. ರಿಜಿಸ್ಟರಿನಲ್ಲಿ ಕಾರಣದ ಜಾಗದಲ್ಲಿ 'ಓದಿನಲ್ಲಿ ಆಸಕ್ತಿ ಇಲ್ಲ' ಅಂತ ಬರೆದದ್ದು ನನ್ನದೇ ಕೈ.

ಈ ಜೂನ್ ತಿಂಗಳ ಒಂದು ಸೋಮವಾರ, ಬಸ್ಸು ಕೆಟ್ಟು ಎರಡು ಕಿಲೋಮೀಟರು ನಡೆದು ಬಂದಿದ್ದೆ. ತಲೆ ಸಿಡಿಯುತ್ತಿತ್ತು. ಯಶೋಧಾ ಬಾಯಿ ತೆರೆದು ತೋರಿಸಿದಳು. ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆಗಳು. ನಾನು ಇಡೀ ಶಾಲೆಗೆ ಕೇಳುವ ಹಾಗೆ ಹೇಳಿದೆ:

"ಒಂಬತ್ತು, ಇದೇನೇ ಇದು, ತುಕ್ಕು ಹಿಡಿದಂಗೈತೆ! ನೀನು ಫ್ಲೋರಿನ್ ಅಲ್ಲ, ಕಬ್ಬಿಣ. ಲೇ ಚಂದ್ರು, ನಿನ್ನ ನಂಬರು ಇವಳಿಗೆ ಕೊಟ್ಟುಬಿಡು."

ಎಲ್ಲರೂ ನಕ್ಕರು. ಕೆಮಿಸ್ಟ್ರಿ ತಮಾಷೆ ಮಕ್ಕಳಿಗೆ ಅರ್ಥವಾಯಿತಲ್ಲ ಅಂತ ನಾನೂ ನಕ್ಕೆ. ಅವತ್ತಿನಿಂದ ಅವಳ ಹೆಸರು ತುಕ್ಕು. ಆಟದ ಮೈದಾನದಲ್ಲಿ, ಊಟದ ಸಾಲಿನಲ್ಲಿ, ನನ್ನ ಕಿವಿಗೆ ಬೀಳುವ ಹಾಗೇ ಕರೆಯುತ್ತಿದ್ದರು. ನಾನು ಒಂದು ಸಲವೂ ತಡೆಯಲಿಲ್ಲ.

ನವೆಂಬರಿನಲ್ಲಿ ಆವರ್ತ ಕೋಷ್ಟಕದ ಪಾಠ ಬಂತು. ಪ್ರತಿಯೊಬ್ಬರೂ ತಮ್ಮ ಧಾತುವಿನ ಪರಿಚಯ ಮಾಡಿಕೊಡಬೇಕು. ಹೆಣ್ಣು ನೋಡಲು ಬಂದವರ ಮುಂದೆ ಹೇಳುವ ಹಾಗೆ, ನಾನು ಯಾರು, ನಮ್ಮ ಮನೆ ಎಲ್ಲಿ, ನನ್ನ ಗುಣ ಏನು ಅಂತ. ಜೊತೆಗೆ ಮನೆಯಿಂದ ಒಂದು ವಸ್ತು ತರಬೇಕು. ಕಾರ್ಬನ್ ಒಲೆಯ ಇದ್ದಿಲು ತಂದಿತು, ಸೋಡಿಯಂ ಉಪ್ಪಿನ ಡಬ್ಬಿ ತಂದಿತು. ಫ್ಲೋರಿನ್ನಿಗೆ ಏನು ತರುತ್ತಾಳೋ ಅಂತ ನನಗೂ ಅನುಮಾನವಿತ್ತು. "ಟೂತ್‌ಪೇಸ್ಟ್ ಡಬ್ಬಿ ತಾರೇ, ಅದರಲ್ಲಿರ್ತೈತೆ. ನಿಮ್ಮ ಮನೇಲಿ ಇದ್ರೆ!" ಅಂದಿದ್ದೆ. ಆಗಲೂ ಕ್ಲಾಸು ನಕ್ಕಿತ್ತು.

ಅವಳ ಸರದಿಯ ದಿನ ಯಶೋಧಾ ಟೂತ್‌ಪೇಸ್ಟ್ ತರಲಿಲ್ಲ. ಒಂದು ನೀಲಿ ಪೆಟ್ಟಿಗೆ ತಂದಳು. ಪಂಚಾಯಿತಿಯಿಂದ ಊರೂರಿನ ಹೆಂಗಸರಿಗೆ ನೀರು ಪರೀಕ್ಷೆ ಮಾಡುವುದನ್ನು ಹೇಳಿಕೊಟ್ಟು ಒಂದೊಂದು ಪೆಟ್ಟಿಗೆ ಕೊಟ್ಟಿದ್ದಾರೆ. ಈ ಹಟ್ಟಿಯ ಪೆಟ್ಟಿಗೆ ಹೆಂಗಸರ ಸಂಘದ ಚಂದ್ರಕ್ಕನ ಹತ್ತಿರ ಇತ್ತು. ಅಟ್ಟ ಸೇರಿದ್ದ ಅದನ್ನು ಇಳಿಸಿ, ಧೂಳು ಒರೆಸಿ, ಒಳಗಿದ್ದ ಕನ್ನಡದ ಪುಸ್ತಕ ಓದಿಕೊಂಡು ಬಂದಿದ್ದಳು.

ಎರಡು ಪುಟ್ಟ ಗಾಜಿನ ಕೊಳವೆಗಳನ್ನು ಮೇಜಿನ ಮೇಲೆ ಇಟ್ಟಳು. ಒಂದಕ್ಕೆ ಸೀಸೆಯಲ್ಲಿ ತಂದಿದ್ದ ನೀರು ಹಾಕಿದಳು. "ಇದು ನಮ್ಮನೆ ನಲ್ಲೀದು. ಶಾಲೇಗೂ ಅದೇ ಬೋರಿಂದ ಬರೋದು," ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಮಿಸ್, ನಿಮ್ಮ ಬಾಟ್ಲಿ ನೀರು ಸ್ವಲ್ಪ ಕೊಡ್ರಿ."

ಕೊಟ್ಟೆ. ಎರಡಕ್ಕೂ ಅಷ್ಟಷ್ಟೇ ಕೆಂಪು ದ್ರಾವಣದ ಹನಿ ಬಿಟ್ಟು ಅಲ್ಲಾಡಿಸಿದಳು. ನನ್ನ ಬಾಟಲಿಯ ನೀರು ಗುಲಾಬಿಯಾಗಿ ನಿಂತಿತು. ಅವರ ನೀರು ನೋಡನೋಡುತ್ತಿದ್ದ ಹಾಗೇ ಹಳದಿಗೆ ತಿರುಗಿತು. ಮಕ್ಕಳೆಲ್ಲ ಬೆಂಚು ಬಿಟ್ಟು ಎದ್ದು ಬಂದರು. ಅವಳು ಬಣ್ಣದ ಪಟ್ಟಿಗೆ ಹಿಡಿದು, "ಲೀಟರಿಗೆ ಒಂದೂವರೆ ಮಿಲಿಗ್ರಾಂ ಒಳಗಿರಬೇಕು. ನಮ್ಮದು ಮೂರು ದಾಟೈತೆ," ಅಂದಳು. ಆಮೇಲೆ ಬೋರ್ಡಿನ ಮುಂದೆ ನಿಂತು, ಮೂರು ವರ್ಷದಲ್ಲಿ ಮೊದಲ ಸಲ ಬಾಯಿ ತುಂಬಾ ತೆರೆದು ಮಾತಾಡಿದಳು.

"ನಾನು ಫ್ಲೋರಿನ್. ನನ್ನ ನಂಬರು ಒಂಬತ್ತು. ಆಕ್ಸಿಜನ್ನಿಗೂ ನಿಯಾನಿಗೂ ಮಧ್ಯ ನಮ್ಮನೆ. ನಾನು ಒಬ್ಬಳೇ ಇರೋಳಲ್ಲ, ಯಾರು ಸಿಕ್ಕಿದ್ರೂ ಅಂಟ್ಕಂತೀನಿ. ನೆಲದೊಳಗೆ ಕಲ್ಲಲ್ಲಿ ಇರ್ತೀನಿ. ಬೋರು ಆಳಕ್ಕೆ ಹೋದ್ರೆ ನೀರಿಗೆ ಬಂದು ಸೇರ್ತೀನಿ. ಸ್ವಲ್ಪ ಇದ್ರೆ ಹಲ್ಲಿಗೆ ಒಳ್ಳೇದು. ಜಾಸ್ತಿ ಆದ್ರೆ, ಮಕ್ಕಳ ಹಲ್ಲು ಇನ್ನೂ ಒಸಡಿನೊಳಗೆ ಇರುವಾಗ್ಲೇ ಹೋಗಿ ಅಂಟ್ಕಂತೀನಿ. ಆಮೇಲೆ ಬೂದಿ ಹಾಕಿ ತಿಕ್ಕಿದ್ರೂ ಹೋಗಲ್ಲ. ಇಟ್ಟಿಗೆ ಪುಡಿ ಹಾಕಿ ತಿಕ್ಕಿದ್ರೂ ಹೋಗಲ್ಲ."

ಒಂದು ಸಲ ಉಸಿರು ತಗೊಂಡಳು.

"ನಾನು ತುಕ್ಕು ಅಲ್ಲ."

ಇಪ್ಪತ್ತೈದು ಮಕ್ಕಳು ಅವಳನ್ನು ಬಿಟ್ಟು ನನ್ನನ್ನು ನೋಡುತ್ತಿದ್ದರು. ನಾನು ಹೇಳಬೇಕಾಗಿದ್ದು ಒಂದೇ ಮಾತು. ತಪ್ಪಾಯ್ತು ಕಣಮ್ಮ ಅಂತ. ಆದರೆ ಇವರ ಮುಂದೆ ಸೋತರೆ ನಾಳೆ ಯಾರು ಹೆದರುತ್ತಾರೆ ಅನ್ನಿಸಿತು. ಹಾಜರಿ ಪುಸ್ತಕ ಎಳೆದುಕೊಂಡೆ.

"ಸರಿ, ಕುಂತ್ಕ. ಹತ್ತು, ನಿಯಾನ್, ನೀನು ಬಾ."

ಅವಳು ಕೊಳವೆಗಳನ್ನು ತೊಳೆದು, ಒರೆಸಿ, ಪೆಟ್ಟಿಗೆಗೆ ಇಟ್ಟುಕೊಂಡು ಹೋಗಿ ಕೂತಳು. ನಿಯಾನ್ ಏನು ಹೇಳಿತೋ ನನಗೆ ಒಂದು ಅಕ್ಷರವೂ ನೆನಪಿಲ್ಲ.

ಸಂಜೆ ಬಸ್ಸಿನಲ್ಲಿ ಬಾಯಾರಿತು. ಬಾಟಲಿಯ ಮುಚ್ಚಳ ತೆಗೆದು ಹಾಗೇ ಮುಚ್ಚಿದೆ. ಹನ್ನೊಂದು ವರ್ಷ ಈ ಬಾಟಲಿಯನ್ನು ಅದೇ ಮೇಜಿನ ಮೇಲೆ, ಅದೇ ಮಕ್ಕಳ ಮುಂದೆ ಇಟ್ಟುಕೊಂಡು ಕುಡಿದಿದ್ದೇನೆ. ನೀರು ಕೆಟ್ಟದ್ದು ಅಂತ ನನ್ನ ಹೊಟ್ಟೆಗೆ ಗೊತ್ತಿತ್ತು. ಅವರ ಹಲ್ಲಿನ ವಿಷಯಕ್ಕೆ ಬಂದಾಗ ಮಾತ್ರ ಗೊತ್ತಾಗಲಿಲ್ಲ. ಮನೆಗೆ ಬಂದು ಹಳೇ ನೋಟ್ಸು ತೆಗೆದು ನೋಡಿದೆ. ಫ್ಲೋರಿನ್ ಹೆಚ್ಚಾದರೆ ಹಲ್ಲಿನ ಮೇಲೆ ಕಂದು ಕಲೆ, ಮೂಳೆ ಬಿಗಿತ ಅಂತ ನನ್ನದೇ ಅಕ್ಷರದಲ್ಲಿ, ಕೆಂಪು ಗೆರೆ ಎಳೆದು ಬರೆದುಕೊಂಡಿದ್ದೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಬಂದಿತ್ತು. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಆ ಬುಡ ನಾನೇ ಆಗಿದ್ದೆ.

ಮಾರನೆಯ ದಿನದಿಂದ ಹಾಜರಿಯಲ್ಲಿ ಒಂಬತ್ತು ಅಂದರೆ ಉತ್ತರ ಬರಲಿಲ್ಲ. ಎಂಟು, ಆಕ್ಸಿಜನ್ ಮಿಸ್. ಒಂಬತ್ತು. ಹತ್ತು, ನಿಯಾನ್ ಮಿಸ್. ಮೂರು ದಿನ ಹೀಗೇ ಆಯಿತು. ಅಕ್ಕನಂತೆ ಇವಳೂ ಬಿಟ್ಟಳು ಅಂದುಕೊಂಡೆ. ಹತ್ತನೇ ಕ್ಲಾಸಿನ ಪರೀಕ್ಷೆಗೆ ಇನ್ನು ನಾಲ್ಕೇ ತಿಂಗಳು ಇತ್ತು. ರಿಜಿಸ್ಟರಿನಲ್ಲಿ ಇನ್ನೊಂದು ಸಲ 'ಆಸಕ್ತಿ ಇಲ್ಲ' ಅಂತ ಬರೆಯುವ ಶಕ್ತಿ ನನಗಿರಲಿಲ್ಲ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಅವಳ ಮನೆ ಹುಡುಕಿಕೊಂಡು ಹೋದೆ. ಹನ್ನೊಂದು ವರ್ಷದಲ್ಲಿ ಆ ಹಟ್ಟಿಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಜಗಲಿ ಮೇಲೆ ಅವಳಜ್ಜಿ ಕಾಟಮ್ಮ ಕಾಲು ನೀಡಿ ಕೂತಿದ್ದರು. ನನ್ನನ್ನು ಕಂಡು ಏಳಲು ಹೋಗಿ, ಮಂಡಿ ಬಗ್ಗದೆ, ಹಾಗೇ ಕೂತರು.

"ಬರ್ರಿ ಮೇಡಂ, ಕುಂತ್ಕಳ್ರಿ. ಈ ಮಂಡಿ ಹಿಂಗೇ ಹಿಡ್ಕಂಡು ಹತ್ತು ವರ್ಷ ಆತು, ಬೇಜಾರಾಗಬ್ಯಾಡ್ರಿ. ಪ್ರೀತೀ, ಮೇಡಮ್ಮರಿಗೆ ನೀರು ತಾರೇ."

ಒಳಗಿಂದ ಪ್ರೀತಿ ಬಂದಳು. ಅವಳನ್ನು ಅದೇ ಹಟ್ಟಿಗೆ ಕೊಟ್ಟಿದ್ದಾರೆ, ಅವತ್ತು ತವರಿಗೆ ಬಂದಿದ್ದಳು. ಸೊಂಟದ ಮೇಲೆ ನಾಲ್ಕು ವರ್ಷದ ಮಗಳು. ಬೆಲ್ಲದ ತಟ್ಟೆ, ನೀರಿನ ಚೊಂಬನ್ನು ನನ್ನ ಮುಂದೆ ಇಟ್ಟು, ಮಗುವನ್ನು ಇಳಿಸಿದವಳೇ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು.

"ಚೆನ್ನಾಗಿದೀರಾ ಮಿಸ್?"

ಸೆರಗಿನ ಹಿಂದಿನಿಂದಲೇ ಕೇಳಿದಳು. ಅಷ್ಟು ವರ್ಷದ ಮೇಲೆ, ಅವರದೇ ಮನೆಯಲ್ಲಿ, ನನ್ನೆದುರು ಬಾಯಿ ತೋರಿಸಲು ಅವಳಿಗೆ ಹೆದರಿಕೆ. ಕಾಟಮ್ಮನವರು ಮಾತು ಮುಂದುವರಿಸಿದರು. "ಇವಳು ಸೋಮವಾರ ಬಂದ್ರೆ ಸಾಕು, ಹೊಟ್ಟೆನೋವು ಅಂತ ಮಲಗಿಬಿಡ್ತಿದ್ಲು ಮೇಡಂ. ಇಟ್ಟಿಗೆ ಪುಡಿ ಹಾಕಿ ಹಲ್ಲು ತಿಕ್ಕೋದು, ರಕ್ತ ಉಗುಳೋದು. ಕೊನೆಗೆ ಒಲ್ಲೆ ಅಂದ್ಲು, ಬಿಡಿಸಿಬಿಟ್ವಿ." ಅವರ ಮಾತಿನಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮಗು ನನ್ನನ್ನು ನೋಡಿ ನಕ್ಕಿತು. ಅಕ್ಕಿಕಾಳಿನಂಥ ಬಿಳಿ ಹಾಲುಹಲ್ಲು. ಒಸಡು ಮಾತ್ರ ಕೆಂಪಗೆ, ಒಂದು ಕಡೆ ಸುಲಿದುಹೋಗಿತ್ತು.

"ಏನಾಗಿದೆ ಪ್ರೀತಿ, ಮಗೂಗೆ?"

"ಏನಿಲ್ಲ ಮಿಸ್. ದಿನಾ ಬೂದಿ ಹಾಕಿ ಗಟ್ಟಿಯಾಗಿ ತಿಕ್ತೀನಿ. ಈಗಿಂದ್ಲೇ ತಿಕ್ಕಿದ್ರೆ ನಮ್ಮಂಗೆ ಆಗಲ್ಲ ಅಲ್ವಾ? ನಾಳೆ ನಿಮ್ಮ ಶಾಲೆಗೇ ಬರೋಳು. ನೀವು ಬೈಬಾರ್ದು ನೋಡ್ರಿ."

ಅವಳು ಅದನ್ನು ಹೆಮ್ಮೆಯಿಂದ ಹೇಳಿದಳು. ಹೋಂವರ್ಕ್ ಮಾಡಿಕೊಂಡು ಬಂದು ತೋರಿಸಿದ ಹಾಗೆ. ಶಾಲೆ ಬಿಟ್ಟರೂ ನನ್ನ ಪಾಠ ಬಿಡದೆ ಕಲಿತಿದ್ದಳು. ನಾನು ಕಲಿಸಿದ ಎಲ್ಲ ಪಾಠಗಳಲ್ಲಿ ಅದೊಂದೇ ಆ ಮನೆಯಲ್ಲಿ ಉಳಿದಿತ್ತು. ನನಗೆ ಅಳು ಬಂತು. ಅಳುವುದಕ್ಕೂ ಮುಖವಿಲ್ಲ ಅನ್ನಿಸಿ ಚೊಂಬು ಎತ್ತಿಕೊಂಡೆ. ಬ್ಯಾಗಿನಲ್ಲಿ ನನ್ನ ಬಾಟಲಿ ಇತ್ತು. ಮನೆಗೆ ಬಂದು, ಕೊಟ್ಟ ನೀರು ಮುಟ್ಟದೆ ಹೇಗೆ ಎದ್ದು ಹೋಗಲಿ? ಇಡೀ ಚೊಂಬು ಕುಡಿದುಬಿಡೋಣ, ಮಾಡಿದ್ದಕ್ಕೆ ಅಷ್ಟಾದರೂ ಆಗಲಿ ಅಂತ ಬಾಯಿಗೆ ಎತ್ತಿದೆ.

"ಕುಡೀಬ್ಯಾಡ್ರಿ ಮಿಸ್."

ಯಶೋಧಾ ಅಂಗಳದಲ್ಲಿ ನಿಂತಿದ್ದಳು. ಕಂಕುಳಲ್ಲಿ ನೀಲಿ ಪೆಟ್ಟಿಗೆ, ಹಿಂದೆ ಚಂದ್ರಕ್ಕ. ಬಂದವಳೇ ಚೊಂಬನ್ನು ನನ್ನ ಕೈಯಿಂದ ತಗೊಂಡು ತುಳಸಿ ಗಿಡದ ಬುಡಕ್ಕೆ ಸುರಿದಳು. ಅವಳು ಅಳುತ್ತ ಮೂಲೆ ಹಿಡಿದಿರುತ್ತಾಳೆ, ನಾನು ಹೋಗಿ ಸಮಾಧಾನ ಮಾಡುತ್ತೇನೆ ಅಂದುಕೊಂಡು ಬಂದಿದ್ದೆ. ಅದೂ ನನ್ನ ಜಂಬವೇ. ಮೂರು ದಿನದಿಂದ ಅವಳು ಚಂದ್ರಕ್ಕನ ಜೊತೆ ಹಟ್ಟಿಯ ಒಂದೊಂದೇ ಬೋರಿನ ನೀರು ಹಿಡಿದು ನೋಡುತ್ತಿದ್ದಳು.

"ಆರು ಬೋರು ಹಳದಿ ಮಿಸ್," ಅಂದಳು. "ಕೆರೆ ಪಕ್ಕದ ಹಳೇ ಕೈಪಂಪು ಒಂದೇ ಗುಲಾಬಿ ಬಂತು. ಈ ಮಗೂಗೆ ಇನ್ಮೇಲೆ ಅಲ್ಲಿಂದ್ಲೇ ನೀರು ತರ್ತೀವಿ. ಇವಳ ದೊಡ್ಡ ಹಲ್ಲು ಇನ್ನೂ ಒಳಗೇ ಅವೆ."

"ಮತ್ತೊಂದು ಸಲ ನೋಡಾಕೆ ಚಿತ್ರದುರ್ಗದ ಲ್ಯಾಬಿಗೂ ಕಳಿಸ್ತೀವಿ," ಅಂದರು ಚಂದ್ರಕ್ಕ. "ಈ ಹುಡುಗಿ ಹೇಳೋವರ್ಗೂ ನಾನೂ ಪೆಟ್ಟಿಗೆ ಅಟ್ಟಕ್ಕೆ ಹಾಕಿದ್ದೆ ಮೇಡಂ, ನಂದೂ ತಪ್ಪೈತೆ."

ಅವರು ಎಷ್ಟು ಸುಲಭವಾಗಿ ಹೇಳಿಬಿಟ್ಟರು! ನಾನು ಯಶೋಧಾಳ ಕೈ ಹಿಡಿದುಕೊಂಡೆ.

"ತಪ್ಪಾಯ್ತು ಕಣೇ ಯಶೋಧಾ. ನಾನು ಹಂಗೆ ಅನ್ನಬಾರ್ದಿತ್ತು."

ಅವಳು ಕೈ ಬಿಡಿಸಿಕೊಳ್ಳಲಿಲ್ಲ. ತಲೆ ತಗ್ಗಿಸಿ ಯೋಚನೆ ಮಾಡಿದಳು.

"ಇಲ್ಲಿ ಹೇಳಬ್ಯಾಡ್ರಿ ಮಿಸ್. ನೀವು ಅಂದಿದ್ದು ಪ್ರೇಯರಲ್ಲಿ. ಅಲ್ಲೇ ಹೇಳ್ರಿ."

"ಹೇಳಿದ್ರೆ ಶಾಲೆಗೆ ಬರ್ತೀಯಾ?"

"ನಾನು ಹೆಂಗೂ ಸೋಮವಾರ ಬರೋಳೇ. ನಂಗೆ ಪರೀಕ್ಷೆ ಐತಲ್ಲ. ಬೇವಿನ ಮರದ ಕೆಳಗೆ ನಿಲ್ಲೋ ಚಿಕ್ಕ ಮಕ್ಕಳು ಅವೆ, ಅವಕ್ಕೆ ಹೇಳ್ರಿ."

ಸೋಮವಾರ ಬೆಳಗ್ಗೆ ಶಿವಕುಮಾರಪ್ಪನವರಿಗೆ ವಿಷಯ ತಿಳಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಬೇಡ್ರಿ ಮೇಡಂ. ತಪಾಸಣೆ ನಿಲ್ಲಿಸಿಬಿಡ್ರಿ, ಸಾಕು. ಮಕ್ಕಳ ಮುಂದೆ ತಪ್ಪು ಒಪ್ಕಂಡ್ರೆ ಆಮೇಲೆ ಹಿಡಿಯಾಕೆ ಆಗ್ತಾವಾ ಅವು?" ಒಂದು ಗಳಿಗೆ ನನಗೂ ಅದೇ ಸರಿ ಅನ್ನಿಸಿತು. ಸುಮ್ಮನೆ ನಿಲ್ಲಿಸಿಬಿಟ್ಟರೆ ಯಾರು ಕೇಳುತ್ತಾರೆ? ಅಷ್ಟು ದೂರ ಬಂದ ಮೇಲೂ ನನ್ನ ಮನಸ್ಸು ಓಡಿಹೋಗಲು ಸಂದಿ ಹುಡುಕುತ್ತಿತ್ತು.

ಪ್ರಾರ್ಥನೆ ಮುಗಿಯಿತು. ನಾನು ಇನ್ನೂ ಬಾಯಿ ತೆರೆದಿರಲಿಲ್ಲ, ಒಂಬತ್ತು ಮಕ್ಕಳು ತಾವಾಗಿಯೇ ಸಾಲು ಬಿಟ್ಟು ಬೇವಿನ ಮರದ ಕೆಳಗೆ ಹೋಗಿ ನಿಂತವು. ರೂಢಿಯಾಗಿಬಿಟ್ಟಿತ್ತು. ಎಂಟನೇ ಕ್ಲಾಸಿಗೆ ಹೊಸದಾಗಿ ಸೇರಿದ್ದ ಒಂದು ಹುಡುಗಿ ಬೂದಿ ಡಬ್ಬಿಗೆ ಕೈ ಹಾಕಿದಳು. ನಾನು ಹೋಗಿ ಡಬ್ಬಿ ಕಿತ್ತುಕೊಂಡೆ. ಅದೇ ಸಾಲಿನ ಕೊನೆಯಲ್ಲಿ, ಯಶೋಧಾಳ ಪಕ್ಕ, ಮಕ್ಕಳ ಕಡೆ ಮುಖ ಮಾಡಿ ನಿಂತೆ.

"ಇವರ ಹಲ್ಲಲ್ಲಿರೋದು ಕೊಳೆ ಅಲ್ಲ," ಅಂದೆ. "ನೀರಲ್ಲಿರೋ ಫ್ಲೋರಿನ್. ಇದನ್ನ ಕಂಡುಹಿಡಿದು ನಂಗೆ ಹೇಳಿಕೊಟ್ಟಿದ್ದು ಯಶೋಧಾ. ನಾನು ಓದಿದ್ದೆ, ಆದ್ರೂ ಇವರನ್ನ ಸೋಮಾರಿ ಅಂದೆ, ತುಕ್ಕು ಅಂದೆ. ಎಲ್ಲರ ಮುಂದೆ ನಿಲ್ಲಿಸಿದೆ. ಹನ್ನೊಂದು ವರ್ಷ ತಪ್ಪು ಮಾಡಿದ್ದು ನಾನು. ನನ್ನ ಕ್ಷಮಿಸ್ರಿ. ಇನ್ಮೇಲೆ ಈ ಸಾಲು ಇಲ್ಲ."

ಮಕ್ಕಳು ಏನು ಮಾಡಬೇಕೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಕಬ್ಬಿಣ, ಅಂದರೆ ಚಂದ್ರು, ಚಪ್ಪಾಳೆ ತಟ್ಟಿದ. ಉಳಿದವರೂ ತಟ್ಟಿದರು. ಯಶೋಧಾ ಹಲ್ಲು ಬಿಟ್ಟು ನಕ್ಕಳು. ಅವಳ ನಗು ನೋಡಿದ್ದು ನಾನು ಅದೇ ಮೊದಲು.

ಆಗ ಗೇಟಿನ ಕಡೆ ನೋಡಿದೆ. ಪ್ರೀತಿ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು. ಪಕ್ಕದಲ್ಲಿ ಕೈಪಂಪಿನ ನೀರು ತುಂಬಿದ ಕೊಡ. ಯಾವಾಗಿನಿಂದ ನಿಂತಿದ್ದಳೋ.

"ಪ್ರೀತಿ, ನಿಂಗೂ ಹೇಳಿದ್ದು ಕಣಮ್ಮ," ಅಂತ ಕೂಗಿದೆ. "ಕೇಳಿಸ್ತಾ?"

ಕೇಳಿಸಿತು ಅಂತ ತಲೆಯಾಡಿಸಿದಳು. ನಕ್ಕಳು ಕೂಡ, ಕಣ್ಣಲ್ಲಿ ಗೊತ್ತಾಯಿತು. ಬಾಯಿ ಮೇಲಿನ ಸೆರಗು ಮಾತ್ರ ಕೆಳಗೆ ಇಳಿಯಲಿಲ್ಲ.